ಕ್ವಾಂಟಮ್ ಪಿಎಚ್‌ಡಿಗೆ ಏನನ್ನು ಓದಿಸಬೇಕು?

ಪಠ್ಯಕ್ರಮ ರೂಪಿಸುವ ಕೆಲಸದಲ್ಲಿ ನನ್ನ ಕೈಯೂ ಇದೆಯೆಂದು ತಿಳಿದವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಕ್ವಾಂಟಮ್ ಮಾಹಿತಿ ವಿಜ್ಞಾನದ ಪಿಎಚ್‌ಡಿಗೆ ಭೌತಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಎಲೆಕ್ಟ್ರಾನಿಕ್ಸ್ ಹೀಗೆ ಬೇರೆ ಬೇರೆ ಕಡೆಗಳಿಂದ ವಿದ್ಯಾರ್ಥಿಗಳು ಬರುತ್ತಾರಲ್ಲ, ಎಲ್ಲ ವಿಭಾಗಗಳ ಮುಖ್ಯ ಕೋರ್ಸ್‌ಗಳನ್ನು ಒಟ್ಟುಗೂಡಿಸಿ ಓದಿಸಿದರೆ ಸಾಲದೇ?

ಅದು ಆಗದ ಹೋಗದ ಮಾತು. ಯುಜಿಸಿಯ 2022ರ ನಿಯಮಾವಳಿ ಪಿಎಚ್‌ಡಿ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್‌ಗಳನ್ನು ಕೇಳುತ್ತದೆ. ಸಂಶೋಧನಾ ವಿಧಾನ ಮತ್ತು ಪ್ರಕಟಣಾ ನೀತಿಯ ಪಾಠಗಳೂ ಅದರೊಳಗೇ ಬರಬೇಕು. ಕ್ರೆಡಿಟ್ ಹೆಚ್ಚಿಸಲು ಅಡ್ಡಿಯಿಲ್ಲ, ಆದರೆ ಎರಡು ವರ್ಷ ತರಗತಿಯಲ್ಲೇ ಕಳೆದವರು ಪ್ರಯೋಗಾಲಯಕ್ಕೆ ಕಾಲಿಡುವ ಹೊತ್ತಿಗೆ ಫೆಲೋಶಿಪ್ಪಿನ ಅವಧಿ ಅರ್ಧದ ಹತ್ತಿರಕ್ಕೆ ಸವೆದಿರುತ್ತದೆ. ಹಾಗಾಗಿ ವಿಷಯಗಳನ್ನು ಪೇರಿಸುವ ಬದಲು ಒಂದೇ ಸಮಸ್ಯೆಯನ್ನು ಹಿಡಿದು ಅದರ ತಳ ಮುಟ್ಟುವವರೆಗೆ ಎಲ್ಲರನ್ನೂ ಜೊತೆಯಾಗಿ ಇಳಿಸಬೇಕೆಂಬುದು ನನ್ನ ನಿಲುವು.

ನಾನು ಆರಿಸುವ ಸಮಸ್ಯೆ ಬಿಬಿ84: ದೂರದಲ್ಲಿರುವ ಇಬ್ಬರು ಬೆಳಕಿನ ಕಣಗಳಾದ ಫೋಟಾನ್‌ಗಳ ಮೂಲಕ ಗುಟ್ಟಿನ ಕೀಲಿಯೊಂದನ್ನು (ಬಿಟ್‌ಗಳ ಸರಣಿ) ಹಂಚಿಕೊಳ್ಳುವ ವಿಧಾನ; ನಡುವೆ ಯಾರಾದರೂ ಕದ್ದಾಲಿಸಿದರೆ ಅದು ಬಿಟ್‌ಗಳಲ್ಲಿ ದೋಷವಾಗಿ ಕಾಣಿಸುತ್ತದೆ. ರಸಾಯನಶಾಸ್ತ್ರ ಓದಿ ಬಂದಿದ್ದ ಚಾರ್ಲ್ಸ್ ಬೆನೆಟ್ ಮತ್ತು ಕಂಪ್ಯೂಟರ್ ವಿಜ್ಞಾನಿ ಜಿಲ್ ಬ್ರಸಾರ್ 1984ರ ಡಿಸೆಂಬರಿನಲ್ಲಿ ಈ ಕ್ವಾಂಟಮ್ ಕೀಲಿ ವಿನಿಮಯ ವಿಧಾನವನ್ನು ಮಂಡಿಸಿದ್ದು ನಮ್ಮ ಬೆಂಗಳೂರಿನಲ್ಲೇ, ಅದೂ ಕಂಪ್ಯೂಟರ್ ಮತ್ತು ಸಿಗ್ನಲ್ ಪ್ರೊಸೆಸಿಂಗ್ ಕುರಿತ ಸಮ್ಮೇಳನವೊಂದರಲ್ಲಿ. (ಊರಿನ ಅಭಿಮಾನಕ್ಕೆ ಆರಿಸಿದ್ದಲ್ಲ, ಆದರೆ ಆ ಅಭಿಮಾನ ಇಲ್ಲವೆಂದೂ ಹೇಳಲಾರೆ.)

ಬಿಟ್‌ಗಳಲ್ಲಿನ ದೋಷ ಸುಮಾರು ಶೇ. 11ನ್ನು ಮುಟ್ಟಿದರೆ ಈ ವಿಧಾನದ ಸಾಮಾನ್ಯ ಲೆಕ್ಕದ ಪ್ರಕಾರ ಸುರಕ್ಷಿತ ಕೀಲಿ ಸಿಗುವುದಿಲ್ಲ. ಏಕೆ 11? ದೋಷದ ಸಂಭವನೀಯತೆ 0.11 ಆದಾಗ ಅದರ ಎಂಟ್ರೊಪಿ, ಅಂದರೆ ಅನಿಶ್ಚಿತತೆಯ ಅಳತೆ, ಪ್ರತಿ ಬಿಟ್‌ಗೆ ಸರಿಸುಮಾರು ಅರ್ಧ ಬಿಟ್. ದೋಷ ತಿದ್ದುವುದಕ್ಕೆ ಅರ್ಧ, ಕದ್ದಾಲಿಸಿದವರ ತಿಳಿವನ್ನು ಅಳಿಸುವುದಕ್ಕೆ ಇನ್ನರ್ಧ ಕಳೆದರೆ ಕೈಯಲ್ಲಿ ಉಳಿಯುವುದು ಸೊನ್ನೆ. ಕಂಪ್ಯೂಟರ್ ವಿಜ್ಞಾನದವರು ಇದನ್ನು ಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಬಿಡಿಸುತ್ತಾರೆ. ಆದರೆ ಪ್ರಯೋಗಾಲಯದಲ್ಲಿ ಆ ದೋಷ ಎಲ್ಲಿಂದ ಹುಟ್ಟುತ್ತದೆ ಎಂದು ಕೇಳಿದರೆ ಅವರು ಭೌತಶಾಸ್ತ್ರದವರ ಮುಖ ನೋಡಬೇಕಾಗುತ್ತದೆ. ಕಿಲೋಮೀಟರಿಗೆ 0.2 ಡೆಸಿಬೆಲ್ ನಷ್ಟವಿರುವ ಫೈಬರಿನಲ್ಲಿ 100 ಕಿ.ಮೀ. ದಾಟಿ ಬರುವುದು ನೂರರಲ್ಲಿ ಒಂದು ಫೋಟಾನ್ ಮಾತ್ರ. ಬೆಳಕೇ ಇಲ್ಲದಾಗಲೂ ಡಿಟೆಕ್ಟರ್ ಎಣಿಸುವ ಡಾರ್ಕ್ ಕೌಂಟ್ ಮಾತ್ರ ಇದ್ದಷ್ಟೇ ಇರುತ್ತದೆ. ದೂರ ಹೆಚ್ಚಿದಂತೆ ದೋಷದ ಪ್ರಮಾಣ ಏರುವುದು ಹೀಗೆ. ಆ ಸುಳ್ಳು ಎಣಿಕೆಯನ್ನು ತಗ್ಗಿಸಲು ಡಿಟೆಕ್ಟರನ್ನು ಎಷ್ಟು ನ್ಯಾನೋಸೆಕೆಂಡ್ ಮಾತ್ರ ತೆರೆದಿಡಬೇಕು ಎಂಬಲ್ಲಿಗೆ ಚರ್ಚೆ ಬಂದಾಗ, ಅಲ್ಲಿಯವರೆಗೆ ಸುಮ್ಮನಿದ್ದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ ಎದ್ದು ಬಂದು ಸೀಮೆಸುಣ್ಣ ಹಿಡಿಯುತ್ತಾಳೆ.

ಇದರ ಜೊತೆಗೆ ರೇಖೀಯ ಬೀಜಗಣಿತದ ಒಂದು ಗಟ್ಟಿ ಕೋರ್ಸ್ ಎಲ್ಲರಿಗೂ ಬೇಕು. ಉಳಿದದ್ದನ್ನು ಅವರವರ ಸಂಶೋಧನೆಗೆ ತಕ್ಕಂತೆ ಬಿಡಬಹುದು.

ಅರ್ಹತಾ ಪರೀಕ್ಷೆಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಪರೀಕ್ಷಕರಲ್ಲಿ ಒಬ್ಬರಾದರೂ ವಿದ್ಯಾರ್ಥಿ ಓದಿ ಬಂದ ವಿಷಯದಿಂದ ಹೊರಗಿನವರಾಗಿರಬೇಕು, ಮತ್ತು ಅವರ ಪ್ರಶ್ನೆಗೆ ಅವರದೇ ಪರಿಭಾಷೆಯಲ್ಲಿ ಉತ್ತರ ಬರಬೇಕು. ಮಾರ್ಗದರ್ಶಕರೂ ಇಬ್ಬರು, ಎರಡು ವಿಭಾಗಗಳಿಂದ. ಹೀಗೆ ವಿಭಾಗಗಳು ಸೇರಿ ಕಲಿಸುವುದಕ್ಕೆ ನಿಜವಾದ ತೊಡಕು ವಿಜ್ಞಾನದ್ದಲ್ಲ, ಕಾರ್ಯಭಾರದ ಲೆಕ್ಕದ್ದು: ಇಬ್ಬರು ಅಧ್ಯಾಪಕರು ಸೇರಿ ಪಾಠ ಮಾಡಿದರೆ ತಲಾ ಅರ್ಧ ಕೋರ್ಸ್ ಎಂದು ಬರೆದುಕೊಳ್ಳುವ ಕಡೆ ಯಾರೂ ಎರಡನೆಯ ಸಲ ಒಪ್ಪುವುದಿಲ್ಲ. ಇಬ್ಬರಿಗೂ ಪೂರ್ತಿ ಕೋರ್ಸ್ ಎಂದೇ ಬರೆಯಿರಿ ಎಂಬುದು ಪ್ರತಿ ಸಭೆಯಲ್ಲೂ ನಾನು ಮೊದಲು ಇಡುವ ಬೇಡಿಕೆ.