ಇಪ್ಪತ್ತು ದಾಟಿದ ಮೇಲೆ ರಗ್ಬಿ ಶುರುಮಾಡಿದರೆ ದೇಶಕ್ಕೆ ಆಡಬಹುದೇ?

ಬೇರೆ ಆಟದಲ್ಲಿ ಪಳಗಿದ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆ ಇದು. ಆಡಬಹುದು. ಆದರೆ ತಂಡದ ಯಾವ ಜಾಗದಲ್ಲಿ ಎಂಬುದೇ ಮುಖ್ಯ.

ಶೋನಾ ಬ್ರೌನ್ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹ್ಯಾಮರ್ ಎಸೆದವರು. ರಗ್ಬಿ ಹಿಡಿದದ್ದು 2015ರಲ್ಲಿ. 2017ರಲ್ಲಿ ಇಂಗ್ಲೆಂಡಿನ ಪ್ರಾಪ್ (ಮುಂಸಾಲಿನ ತುದಿಯ ಆಟಗಾರ್ತಿ) ಆಗಿದ್ದರು. ನ್ಯೂಜಿಲೆಂಡಿನ ಪೋರ್ಷಿಯಾ ವುಡ್‌ಮನ್ ನೆಟ್‌ಬಾಲ್‌ನಿಂದ ಬಂದು ವಿಂಗರ್ (ಮೈದಾನದ ಅಂಚಿನಲ್ಲಿ ಓಡುವ ಆಟಗಾರ್ತಿ) ಆದವರು. ಬಲವಿದ್ದರೆ ಮುಂಸಾಲು, ವೇಗವಿದ್ದರೆ ಅಂಚು. ತಂಡದ ಆಟ ನಡೆಸುವ ಫ್ಲೈ ಹಾಫ್ ಆಗುವ ಆಸೆ ಮಾತ್ರ ಬಿಡಿ; ಯಾವಾಗ ಒದೆಯಬೇಕು, ಯಾವಾಗ ಚೆಂಡನ್ನು ಕೈಯಿಂದ ದಾಟಿಸಬೇಕು ಎಂಬ ಲೆಕ್ಕ ವರ್ಷಗಟ್ಟಲೆ ಆಡಿಯೇ ಬರಬೇಕು.

ತಡವಾಗಿ ಬಂದವರು ಎಡವುವುದು ಚೆಂಡು ಹಿಡಿದು ಓಡುವವಳನ್ನು ಕೆಡಹುವ ಟ್ಯಾಕಲ್‌ನಲ್ಲಿ. ಓಡಿಬಂದ ವೇಗದಲ್ಲೇ ನುಗ್ಗುತ್ತಾರೆ, ತಲೆ ಎದುರಾಳಿಯ ಮುಂದೆ ಸಿಕ್ಕಿಕೊಳ್ಳುತ್ತದೆ, ಆಕೆಯ ಮಂಡಿಯೋ ಸೊಂಟವೋ ಬಡಿಯುತ್ತದೆ. ಕೊನೆಯ ಎರಡು ಮೂರು ಹೆಜ್ಜೆ ಚಿಕ್ಕದಾಗಬೇಕು. ಮುಂದಿನ ಪಾದ ಆಕೆಯ ಪಾದದ ಹತ್ತಿರ, ಅದೇ ಬದಿಯ ಭುಜ ತೊಡೆಗೆ, ತಲೆ ಆಕೆಯ ಬೆನ್ನ ಕಡೆಗೆ. ಆಮೇಲೆ ಎರಡೂ ತೋಳು ಸುತ್ತಿ ಎಳೆಯಬೇಕು. ಮೊದಲು ಮಂಡಿಯೂರಿ, ನಂತರ ನಡೆಯುತ್ತ, ಕೊನೆಗೆ ಓಡುತ್ತ ಕಲಿಯಿರಿ. ಬೀಳುವುದನ್ನೂ ಕಲಿಯಬೇಕು, ಇದನ್ನು ಬಹಳ ತರಬೇತುದಾರರು ಮರೆಯುತ್ತಾರೆ: ಗದ್ದ ಎದೆಗೆ ಒತ್ತದಿದ್ದರೆ ಹಿಂದಲೆ ನೆಲಕ್ಕೆ ಅಪ್ಪಳಿಸುತ್ತದೆ. ಅದಕ್ಕೇ ಕತ್ತಿನ ವ್ಯಾಯಾಮ ವಾರವಾರವೂ ಬೇಕು. ಅಂತರರಾಷ್ಟ್ರೀಯ ಪಂದ್ಯದಲ್ಲಿ ತಲೆಗೆ ಏಟು ಬಿದ್ದ ಅನುಮಾನವಿದ್ದರೆ ಪರೀಕ್ಷೆಗೆ 12 ನಿಮಿಷ ಹೊರಗೆ. ಮಿದುಳಿಗೆ ಪೆಟ್ಟಾದ ಲಕ್ಷಣ ಸ್ಪಷ್ಟವಾಗಿದ್ದರೆ ಆ ದಿನದ ಆಟ ಮುಗಿಯಿತು.

ಪ್ರಾಪ್ ಆಗುವವರಿಗೆ ಒಂದನೇ ನಂಬರು (ಮುಂಸಾಲಿನ ಎಡತುದಿ) ವಾಸಿ. ಎರಡೂ ತಂಡದ ಮುಂದಾಳುಗಳು ತಲೆ ತಗ್ಗಿಸಿ ಒತ್ತಾಡುವ ಸ್ಕ್ರಮ್‌ನಲ್ಲಿ ಆಕೆಯ ಎಡಭುಜ ಬಿಡುವಾಗಿರುತ್ತದೆ. ಬಲತುದಿಯ ಮೂರನೇ ನಂಬರಿನವಳ ಎರಡೂ ಭುಜದ ಮೇಲೆ ಎದುರಾಳಿಗಳ ಭಾರ. ಬೆನ್ನು ಗೂನಾದರೆ ಸ್ಕ್ರಮ್ ಕುಸಿಯುತ್ತದೆ. ಆಗ ಅಪಾಯ ಕತ್ತಿಗೇ.

ಯಾವ ದೇಶಕ್ಕೆ ಆಡಬಹುದೆಂಬುದನ್ನೂ ಮೊದಲೇ ನೋಡಿಕೊಳ್ಳಿ. ಅಲ್ಲಿ ನೀವೋ, ಅಪ್ಪ ಅಮ್ಮನಲ್ಲಿ ಒಬ್ಬರೋ, ಅಜ್ಜ ಅಜ್ಜಿಯರಲ್ಲಿ ಒಬ್ಬರೋ ಹುಟ್ಟಿರಬೇಕು. ಇಲ್ಲದಿದ್ದರೆ ಅಲ್ಲಿನ ರಗ್ಬಿ ಸಂಸ್ಥೆಯಲ್ಲಿ ಮಾತ್ರ ಸತತ 60 ತಿಂಗಳು ನೋಂದಾಯಿತ ಆಟಗಾರ್ತಿಯಾಗಿರಬೇಕು, ಅಥವಾ ಅಲ್ಲಿ ಒಟ್ಟು ಹತ್ತು ವರ್ಷ ನೆಲೆಸಿರಬೇಕು. ಇಪ್ಪತ್ತೈದಕ್ಕೆ ಶುರುಮಾಡಿ ವಲಸೆ ಹೋಗುವವರಿಗೆ ಟ್ಯಾಕಲ್‌ಗಿಂತ ಈ ಐದು ವರ್ಷವೇ ಕಷ್ಟ.