ಉಂಗುರ ಕಾಣದ ಶನಿ

ನಮ್ಮ ಗುಂಪಿಗೆ ಕೊನೆಯವರೆಗೂ ಒಂದು ಹೆಸರು ಸಿಗಲಿಲ್ಲ. ಮೊದಲ ಮೂರು ಸಭೆಗಳು ಹೆಸರಿನ ಜಗಳದಲ್ಲೇ ಮುಗಿದವು. ನಾಲ್ಕನೆಯದಕ್ಕೆ ಅರ್ಧ ಜನ ಬರಲೇ ಇಲ್ಲ. ಉಳಿದವರು ಏಳು ಮಂದಿ. ಹೆಸರಿನ ಬದಲು ಕೆಲಸ ಶುರು ಮಾಡೋಣ ಎಂದು ಹೊರಟೆವು. ಅದು 2008ರ ಕೊನೆ, ನಾನಾಗ ಎರಡನೇ ವರ್ಷದ ಬಿ.ಎಸ್ಸಿ.

ಜನರಿಗೆ ವಿಜ್ಞಾನದ ಮೇಲೆ ಒಲವು ಹುಟ್ಟಬೇಕು, ಸಂಶೋಧನೆಗೆ ಖರ್ಚು ಮಾಡುವ ದುಡ್ಡು ದಂಡ ಅಲ್ಲ ಅನ್ನಿಸಬೇಕು. ಇದು ನಮ್ಮ ಆಸೆ. ಅದಕ್ಕೆ ಮಾಡಿದ್ದೇನು? ಒಂದು ಮೇಜು, ಒಂದು ಬ್ಯಾನರು. ‘ವಿಜ್ಞಾನವನ್ನು ಬೆಂಬಲಿಸಿ’ ಎಂದು ದಪ್ಪಕ್ಷರದಲ್ಲಿ ಬರೆದು ಕಾಲೇಜಿನ ಗೇಟಿನ ಹತ್ತಿರ ಕೂತೆವು. ಜನ ಚಂದಾ ಕೇಳುವವರನ್ನು ಕಂಡಂತೆ ದೂರದಿಂದಲೇ ದಾಟಿಕೊಂಡು ಹೋದರು. ಸಂಜೆ ಹೊತ್ತಿಗೆ ಒಬ್ಬ ಹಿರಿಯರು ಮಾತ್ರ ನಿಂತರು.

“ಬೆಂಬಲ ಅಂದ್ರೆ ಏನು ಮಾಡ್ಬೇಕಪ್ಪಾ? ದುಡ್ಡು ಕೊಡ್ಬೇಕಾ, ಸಹಿ ಹಾಕ್ಬೇಕಾ?”

ನಾನು ಭಾಷಣ ಶುರು ಮಾಡಿದೆ. 1831ರಲ್ಲಿ ಫ್ಯಾರಡೆ ತಂತಿ ಸುರುಳಿಯಲ್ಲಿ ಕಂಡ ಸಣ್ಣ ವಿದ್ಯುತ್ತಿನಿಂದ ಇವತ್ತಿನ ಜನರೇಟರಿನವರೆಗೆ ಹೇಳಿದೆ. 1980ರಲ್ಲಿ ಸಿಡುಬು ನಿರ್ಮೂಲವಾಯಿತೆಂದು ಘೋಷಿಸಿದ್ದನ್ನೂ ಹೇಳಿದೆ. ಅವರು ಎಲ್ಲಾ ಕೇಳಿಸಿಕೊಂಡರು.

“ಒಳ್ಳೇದೇ ಆಯ್ತು. ಈಗ ನಾನೇನು ಮಾಡ್ಲಿ?”

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ನಮ್ಮ ಫಿಸಿಕ್ಸ್ ಮೇಷ್ಟ್ರಿಗೆ ವರದಿ ಒಪ್ಪಿಸಿದೆವು. ಅವರು ನಕ್ಕು, “ಅವರಿಗೆ ಏನನ್ನಾದ್ರೂ ತೋರಿಸಿದ್ರಾ?” ಎಂದರು. ಲ್ಯಾಬಿನ ಬೀರುವಿನ ಬೀಗದ ಕೈ ಕೊಟ್ಟರು. ಒಳಗೆ ಆರು ಇಂಚಿನ ಕನ್ನಡಿಯ ಟೆಲಿಸ್ಕೋಪ್ ಧೂಳು ಹಿಡಿದು ಮಲಗಿತ್ತು.

ಕಾಲ ಕೂಡ ಕೂಡಿಬಂದಿತ್ತು. 2009 ಅಂತರರಾಷ್ಟ್ರೀಯ ಖಗೋಳ ವರ್ಷ. ಗೆಲಿಲಿಯೋ ಟೆಲಿಸ್ಕೋಪನ್ನು ಆಕಾಶಕ್ಕೆ ತಿರುಗಿಸಿ ಆಗ 400 ವರ್ಷ. ಮಾರ್ಚಿನಲ್ಲಿ ಶನಿ ರಾತ್ರಿಯಿಡೀ ಕಾಣುತ್ತಿತ್ತು. ‘ಶನಿಯ ಉಂಗುರ ನೋಡಿ’ ಎಂದು ಚೀಟಿ ಹಂಚಿದೆವು. ಚೀಟಿಯ ಮೇಲೆ ಪುಸ್ತಕದಿಂದ ನಕಲು ಮಾಡಿದ, ಅಗಲ ಅಂಚಿನ ಟೋಪಿಯಂಥ ಚಿತ್ರ. ಮೈದಾನದಲ್ಲಿ ನಾವು ಎಣಿಸಿದ್ದಕ್ಕಿಂತ ಜಾಸ್ತಿ ಜನ ಸೇರಿದರು.

ಮೊದಲು ಕಣ್ಣಿಟ್ಟ ಹೆಂಗಸು ತುಂಬಾ ಹೊತ್ತು ನೋಡಿದರು. ಆಮೇಲೆ, “ಮಣಿಗೆ ಸೂಜಿ ಚುಚ್ಚಿದ ಹಾಗಿದೆ. ಉಂಗುರ ಎಲ್ಲಿ?” ಎಂದರು.

ನಾನು ಬಗ್ಗಿ ನೋಡಿದೆ. ಅವರು ಹೇಳಿದ್ದು ನಿಜ. ಒಂದು ಹಳದಿ ಮಣಿ, ಅದರ ಎರಡೂ ಕಡೆ ಚಾಚಿದ ಕೂದಲೆಳೆಯಂಥ ಗೆರೆ, ಅಷ್ಟೇ. ಗುಂಪಿಗೆ ಮೊದಲ ರಾತ್ರಿಯೇ ಶನಿ ಹಿಡಿದಿತ್ತು.

ತಪ್ಪು ನಮ್ಮದೇ. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 29.5 ವರ್ಷ ಬೇಕು. ಆ ಒಂದು ಸುತ್ತಿನಲ್ಲಿ ಎರಡು ಸಲ ಅದರ ಉಂಗುರದ ಅಂಚು ನಮ್ಮ ಕಡೆಗೇ ತಿರುಗುತ್ತದೆ. 2009 ಅಂಥ ವರ್ಷ. ಉಂಗುರ ಈ ತುದಿಯಿಂದ ಆ ತುದಿಗೆ ಸುಮಾರು 2,80,000 ಕಿಲೋಮೀಟರ್ ಹರಡಿದೆ, ದಪ್ಪ ಮಾತ್ರ ಹೆಚ್ಚಿನ ಕಡೆ ಕೆಲವು ಹತ್ತು ಮೀಟರ್. ಬರೆಯುವ ಹಾಳೆಯೊಂದನ್ನು ಒಂದು ಕಿಲೋಮೀಟರ್ ಅಗಲಕ್ಕೆ ಹರಡಿ ಅಂಚಿನಿಂದ ನೋಡಿದರೆ ಹೇಗೋ ಹಾಗೆ. ಚೀಟಿ ಅಚ್ಚು ಹಾಕಿಸುವ ಮೊದಲು ಒಂದು ಸಲ ಟೆಲಿಸ್ಕೋಪಿನಲ್ಲಿ ನೋಡಿದ್ದರೆ ಗೊತ್ತಾಗುತ್ತಿತ್ತು. ಏಳು ಮಂದಿಯಲ್ಲಿ ಒಬ್ಬರೂ ನೋಡಿರಲಿಲ್ಲ!

ಇದನ್ನೆಲ್ಲ ಆಗ ಹೇಳಲು ನಮಗೆ ಬಾಯಿ ಬರಲಿಲ್ಲ. ಮೇಷ್ಟ್ರು ಮುಂದೆ ಬಂದು, “ಮಕ್ಕಳು ತಪ್ಪು ಚಿತ್ರ ಹಾಕಿದ್ದಾರೆ. ನೀವು ನೋಡಿದ್ದೇ ಸರಿ” ಎಂದರು. ಆಮೇಲೆ ಗೆಲಿಲಿಯೋ ಕಥೆ ಹೇಳಿದರು. 1610ರಲ್ಲಿ ಅವನಿಗೆ ಶನಿಯ ಅಕ್ಕಪಕ್ಕ ಎರಡು ಉಂಡೆಗಳು ಕಂಡಿದ್ದವು. 1612ರಲ್ಲಿ ನೋಡಿದರೆ ಎರಡೂ ಮಾಯ. ಅವನಿಗೇ ದಿಗಿಲು. ಅದು ಉಂಗುರ, ಅಂಚಿನಿಂದ ನೋಡಿದರೆ ಕಾಣದು ಎಂದು ಡಚ್ ವಿಜ್ಞಾನಿ ಹೈಗೆನ್ಸ್ ಬಿಡಿಸಿ ಬರೆದದ್ದು 1659ರಲ್ಲಿ. ಮೇಷ್ಟ್ರು ಮುಗಿಸುವ ಹೊತ್ತಿಗೆ, ಒಂದು ಸಲ ನೋಡಿ ಹೋದವರು ಮತ್ತೆ ಸಾಲಿನ ಕೊನೆಗೆ ಬಂದು ನಿಂತಿದ್ದರು. ಈಗ ಅವರಿಗೆ ಆ ಸೂಜಿಯೇ ಬೇಕಿತ್ತು.

ಇನ್ನೊಂದು ಕಾಟ ಇತ್ತು. ನಮ್ಮ ಟೆಲಿಸ್ಕೋಪಿಗೆ ಮೋಟಾರು ಇರಲಿಲ್ಲ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಹಾಗಾಗಿ ಶನಿ ಒಂದೆರಡು ನಿಮಿಷದಲ್ಲಿ ನೋಟದಿಂದ ಜಾರಿಹೋಗುತ್ತಿತ್ತು. “ಕೆಟ್ಟೋಯ್ತು ನೋಡಿ” ಎಂದು ಜನ ಹಿಂದೆ ಸರಿಯುತ್ತಿದ್ದರು. ಕೆಲವು ವಾರ ಇದಕ್ಕೆ ಬೈದುಕೊಂಡೆವು. ಆಮೇಲೆ ಅದನ್ನೇ ಆಟ ಮಾಡಿಕೊಂಡೆವು. “ಯಾರೂ ಮುಟ್ಟಿಲ್ಲ. ಹಾಗಾದ್ರೆ ಅಲ್ಲಾಡಿದ್ದು ಯಾವುದು?” ಭೂಮಿ ತಿರುಗುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರೂ ಅರೆಗಳಿಗೆ ತಡವರಿಸುತ್ತಿದ್ದರು. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟೆವು, ನಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿಗೆ ಅಂತಲೇ. ಕೇಳಿದವರ ಹೆಸರು ಬರೆದು ಮುಂದಿನ ವಾರ ಉತ್ತರ ತರುತ್ತಿದ್ದೆವು. ನಾನು ಪರೀಕ್ಷೆಗೆ ಓದಿದ್ದಕ್ಕಿಂತ ಆ ನೋಟ್‌ಬುಕ್ಕಿಗಾಗಿ ಓದಿದ್ದೇ ಜಾಸ್ತಿ.

ಜನ ನಮ್ಮನ್ನು ‘ದುರ್ಬೀನಿನವರು’ ಎಂದು ಕರೆಯತೊಡಗಿದರು.

ಮೈದಾನದ ಪಕ್ಕದ ಐದು ಬೀದಿದೀಪಗಳು ಅರ್ಧ ಬೆಳಕನ್ನು ಮೇಲಕ್ಕೇ ಚೆಲ್ಲಿ ಆಕಾಶವನ್ನು ಮಸುಕು ಮಾಡುತ್ತಿದ್ದವು. ಐದಕ್ಕೂ ಮುಚ್ಚಳ ಹಾಕಿಸಿ ಎಂದು ಮನವಿ ಬರೆದೆವು. ಸಹಿಗಾಗಿ ಯಾರ ಹಿಂದೆಯೂ ಓಡಾಡಲಿಲ್ಲ, ಸಾಲಿನಲ್ಲಿ ನಿಂತವರೇ ಕಾಗದ ಕೇಳಿ ಪಡೆದರು. ಬ್ಯಾನರಿನ ಹತ್ತಿರ ನಿಂತಿದ್ದ ಆ ಹಿರಿಯರೂ ಬಂದಿದ್ದರು. “ಈಗ ಗೊತ್ತಾಯ್ತು, ಎಲ್ಲಿ ಹಾಕ್ಬೇಕು ಹೇಳು” ಎಂದು ಪೆನ್ನು ತೆಗೆದರು. ಎರಡು ದೀಪಗಳಿಗೆ ಮುಚ್ಚಳ ಬಂತು. ಉಳಿದ ಮೂರು ನಾವು ಕಾಲೇಜು ಬಿಡುವವರೆಗೂ ಹಾಗೇ ಉರಿಯುತ್ತಿದ್ದವು.

2025ರಲ್ಲಿ ಶನಿಯ ಉಂಗುರದ ಅಂಚು ಮತ್ತೆ ನಮ್ಮ ಕಡೆ ತಿರುಗಿತು. ನವೆಂಬರಿನಲ್ಲಿ ಕಾಲೇಜಿಗೆ ಹೋಗಿದ್ದೆ. ಈಗಿನ ಹುಡುಗರು ನೋಟಿಸ್ ಬೋರ್ಡಿನಲ್ಲಿ ಹೀಗೆ ಬರೆದಿದ್ದರು: ‘ಈ ಸಲ ಶನಿಯ ಉಂಗುರ ಸರಿಯಾಗಿ ಕಾಣುವುದಿಲ್ಲ. ನೋಡಲು ಬನ್ನಿ.’ ಸಾಲು ಗೇಟಿನವರೆಗೆ ಇತ್ತು. ನಾನೂ ನಿಂತೆ. ನನ್ನ ಸರದಿ ಬರುವಷ್ಟರಲ್ಲಿ ಶನಿ ನೋಟದಿಂದ ಜಾರಿತ್ತು. ಅಲ್ಲಿದ್ದ ಹುಡುಗಿ ಅದನ್ನು ಸರಿಪಡಿಸಲು ಹೋಗಲಿಲ್ಲ.

“ಸರ್, ಯಾರೂ ಮುಟ್ಟಿಲ್ಲ. ಅಲ್ಲಾಡಿದ್ದು ಯಾವುದು, ಹೇಳಿ?”

“ಗೊತ್ತಿಲ್ಲಮ್ಮ, ನೀನೇ ಹೇಳು” ಎಂದೆ.