ಹೊಗೆ ಹೋಯ್ತು, ವಿಷ ಉಳೀತು

ಡಿಸೆಂಬರ್ ಚಳಿ ಶುರುವಾದರೆ ಮೈಸೂರಿನ ಬಚ್ಚಲುಮನೆಗಳ ಕಿಟಕಿ ಮುಚ್ಚುತ್ತವೆ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಬಾಣಂತಿ ಕೋಣೆಗೆ ಕೆಂಡದ ಬಾಂಡಲಿ ಬರುತ್ತದೆ. ಅಲ್ಲಿ ಗ್ಯಾಸ್ ಗೀಸರ್, ಇಲ್ಲಿ ಇದ್ದಿಲು. ಎರಡರಿಂದಲೂ ಬರಬಹುದಾದ ವಿಷ ಒಂದೇ, ಕಾರ್ಬನ್ ಮೊನಾಕ್ಸೈಡ್.

‘ಹೊಗೆಯೆಲ್ಲ ಹೋಗಿ ಚೆನ್ನಾಗಿ ಕೆಂಡವಾದ ಮೇಲೆ ಒಳಗೆ ತನ್ನಿ’ ಎನ್ನುತ್ತಾರೆ ಹಿರಿಯರು. ಅರ್ಧ ಸರಿ. ಹೊಗೆ ಹೋದರೆ ಕಣ್ಣುರಿ ತಪ್ಪುತ್ತದೆ, ಅಷ್ಟೇ. ಕೆಂಡದ ಅಡಿಯಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್, ಕೆಂಪಗೆ ಕಾದ ಇದ್ದಿಲಿನ ಸಂದಿಯಲ್ಲಿ ಮೇಲೇರುವಾಗ ಇನ್ನಷ್ಟು ಇಂಗಾಲವನ್ನು ಎತ್ತಿಕೊಂಡು ಮೊನಾಕ್ಸೈಡ್ ಆಗುತ್ತದೆ. ಕತ್ತಲಲ್ಲಿ ಕೆಂಡದ ಮೇಲೆ ನೀಲಿ ನಾಲಿಗೆ ಆಡುತ್ತದಲ್ಲ, ಅದು ಈ ಅನಿಲವೇ ಉರಿಯುತ್ತಿರುವುದು. ನೀಲಿ ಆರಿ ಬೂದಿ ಕಟ್ಟಿದಾಗ ‘ಈಗ ಹದ’ ಅನ್ನಿಸುತ್ತದೆ. ಆಗ ಆ ಅನಿಲ ಉರಿಯದೆ ನೇರವಾಗಿ ಕೋಣೆಗೆ ಸೇರುತ್ತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ.

ಇನ್ನು ರಕ್ತದ ಲೆಕ್ಕ. ಹಿಮೋಗ್ಲೋಬಿನ್ನಿನ ಒಂದೊಂದು ಅಣುವಿನಲ್ಲಿ ಆಮ್ಲಜನಕ ಕೂರಲು ನಾಲ್ಕು ಜಾಗ. ಅದೇ ಜಾಗಕ್ಕೆ ಮೊನಾಕ್ಸೈಡ್ ಸುಮಾರು 200ರಿಂದ 250 ಪಟ್ಟು ಬಿಗಿಯಾಗಿ ಅಂಟುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇ. 21, ಮೊನಾಕ್ಸೈಡ್ ಬರೀ ಶೇ. 0.1 ಇದ್ದರೂ ಗಂಟೆಗಟ್ಟಲೆ ಉಸಿರಾಡಿದರೆ ಅರ್ಧದಷ್ಟು ಜಾಗ ಅದರ ಪಾಲು. ಇಷ್ಟೇ ಆಗಿದ್ದರೆ ತೀವ್ರ ರಕ್ತಹೀನತೆಯವರಂತೆ ಹೇಗೋ ತಡೆದುಕೊಳ್ಳಬಹುದಿತ್ತೇನೋ. ಆದರೆ ಒಂದು ಜಾಗ ಹಿಡಿದ ಮೊನಾಕ್ಸೈಡ್, ಪಕ್ಕದ ಜಾಗಗಳಲ್ಲಿರುವ ಆಮ್ಲಜನಕವನ್ನೂ ಸುಲಭವಾಗಿ ಇಳಿಯಗೊಡುವುದಿಲ್ಲ. ಬಸ್ಸಿನಲ್ಲಿ ಜನ ಇದ್ದಾರೆ, ಸ್ಟಾಪಿನಲ್ಲಿ ಬಾಗಿಲು ತೆಗೆಯುತ್ತಿಲ್ಲ ಎಂಬಂತೆ. ಹೃದಯದ ಸ್ನಾಯುವಿಗೂ ಜೀವಕೋಶಗಳ ಒಳಗಿನ ಉಸಿರಾಟದ ಕಿಣ್ವಕ್ಕೂ ಅಂಟಿಕೊಳ್ಳುವುದು ಬೇರೆ.

ಹಾಗಿದ್ದರೆ ಉಸಿರು ಕಟ್ಟಿದಂತೆ ಏಕೆ ಆಗುವುದಿಲ್ಲ? ದೇಹ ಗಮನಿಸುವುದು ಮುಖ್ಯವಾಗಿ ರಕ್ತದ ಕಾರ್ಬನ್ ಡೈಆಕ್ಸೈಡನ್ನು, ಜೊತೆಗೆ ಕರಗಿರುವ ಆಮ್ಲಜನಕದ ಒತ್ತಡವನ್ನು. ಎರಡೂ ಹೆಚ್ಚುಕಮ್ಮಿ ಸರಿಯಾಗೇ ಇರುತ್ತವೆ. ತಲೆನೋವು, ವಾಕರಿಕೆ ಬಂದರೆ ‘ಪಿತ್ತ’ ಎಂದುಕೊಳ್ಳುತ್ತೇವೆ. ಚಿಲಕ ತೆಗೆಯೋಣ ಎಂದು ಏಳುವ ಹೊತ್ತಿಗೆ ಕಾಲಲ್ಲಿ ಬಲ ಇರುವುದಿಲ್ಲ.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ಮೊನಾಕ್ಸೈಡ್ ಅಂಟಿದ ರಕ್ತವೂ ಅದಕ್ಕೆ ಕೆಂಪಾಗೇ ಕಾಣುತ್ತದೆ. ಬೆರಳಿಗೆ ಹಾಕಿದರೆ 98, 99 ತೋರಿಸುತ್ತದೆ.

ಗೀಸರ್ ವಿಷಯಕ್ಕೆ ಬಂದರೆ, ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಯಂತ್ರ ಹತ್ತು ನಿಮಿಷದಲ್ಲಿ ಸುಮಾರು 2 ಘನ ಮೀಟರ್ ಗಾಳಿಯ ಆಮ್ಲಜನಕ ತಿನ್ನುತ್ತದೆ. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಿನಲ್ಲಿರುವುದೇ 8 ಘನ ಮೀಟರ್. ತನ್ನದೇ ಹೊಗೆಯನ್ನು ಮತ್ತೆ ಎಳೆದುಕೊಂಡ ಬರ್ನರ್ ಅರೆಬರೆ ಉರಿದು ಮೊನಾಕ್ಸೈಡ್ ಉಗುಳುತ್ತದೆ. ಗೀಸರ್ ಹೊರಗೋಡೆಗೆ ಇರಬೇಕು, ಒಳಗೆ ಬರಬೇಕಾದ್ದು ನೀರಿನ ಪೈಪು ಮಾತ್ರ. ಅದಾಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಗಾಳಿಯಾಡಲು ಬಿಟ್ಟು ಆಮೇಲೆ ಸ್ನಾನ. ಹಳದಿ ಜ್ವಾಲೆ, ಮಸಿ ಕಂಡರೆ ರಿಪೇರಿಯಾಗುವ ತನಕ ಹಚ್ಚಬೇಡಿ. ಬಾಣಂತಿಗೆ ಬಿಸಿನೀರಿನ ಬ್ಯಾಗು ಸಾಕು, ಕೆಂಡ ಜಗಲಿಯಲ್ಲೇ ಇರಲಿ. ಕಿಟಕಿ ಒಂದಂಗುಲ ತೆರೆದಿದೆ ಎಂಬ ಧೈರ್ಯ ಬೇಡ.

ಯಾರಾದರೂ ಬಿದ್ದಿದ್ದರೆ ಬಾಗಿಲು ಒಡೆದು ಮೊದಲು ಹೊರಗೆ ಎಳೆಯಿರಿ, ಆಮೇಲೆ 108. ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಪಾರ್ಶ್ವವಾಯುವೋ ಲೋ ಶುಗರ್ರೋ ಎಂದು ಹುಡುಕುತ್ತಾ ಹೊತ್ತು ಹೋಗುತ್ತದೆ. ರಕ್ತದಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್, ಅಂದರೆ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್, ಅಳೆದರೆ ತಿಳಿಯುತ್ತದೆ. ಬರೀ ಗಾಳಿಯಲ್ಲಿ ಅದು ಅರ್ಧಕ್ಕಿಳಿಯಲು 4ರಿಂದ 6 ಗಂಟೆ ಬೇಕು. ಬಿಗಿಯಾದ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ಗುಣವಾಗಿ ಮನೆಗೆ ಬಂದವರಲ್ಲಿ ಕೆಲವರಿಗೆ ಕೆಲವು ವಾರಗಳ ನಂತರ ಮರೆವು, ನಡಿಗೆಯಲ್ಲಿ ತಡವರಿಕೆ ಕಾಣಿಸಿಕೊಳ್ಳುವುದುಂಟು. ಆಗ ಮತ್ತೆ ತೋರಿಸಿ, ಹಳೆಯ ಡಿಸ್ಚಾರ್ಜ್ ಕಾಗದ ಜೊತೆಗಿರಲಿ.